ನನಗೆ ಗೊತ್ತಿರೋ ಒಂದು ಎತ್ತು

ಕಮರದ ನೆರಳಿಗೆ ಬನ್ನಿ ಅಂದಿದ್ದ, ಹಟ್ಟಿಯ ಗಂಡಸರೆಲ್ಲ.
ಬಂದೆವು, ಹದಿನೇಳು ಜನ.
ಬೋಸಯ್ಯ, ಚಳ್ಳಕೆರೆ ಆಸ್ಪತ್ರೆಯಲ್ಲಿ ಗಾಯ ಕಟ್ಟುವವನು,
ನಮ್ಮ ಹಟ್ಟಿಯವನೇ,
ಕಂಬಳಿ ಹಾಸಿ ಬಿ.ಪಿ. ಮಿಷನ್ನು ಇಟ್ಟು ಕೇಳಿದ:
"ಯಾರಿಗೆ ಏನಾಗ್ತೈತೆ, ಹೇಳ್ರಪ್ಪಾ."

ಯಾರಿಗೂ ಏನೂ ಆಗುತ್ತಿರಲಿಲ್ಲ.
ಓಬಳಯ್ಯ ಬೀಡಿ ಹಚ್ಚಿದ, ಕೆಮ್ಮಿದ,
ಬೆಂಕಿಪೊಟ್ಟಣಕ್ಕೆ ಬೈದ.
ನಾನು ಗುಡ್ಡದ ಮೇಲಿನ ಗಾಳಿಫ್ಯಾನು ಎಣಿಸಿದೆ,
ರಾತ್ರಿ ಪಾಳಿಯಲ್ಲಿ ನಾನೇ ಕಾಯುವ ಫ್ಯಾನುಗಳು,
ಎಷ್ಟಿವೆಯೆಂದು ಗೊತ್ತಿದ್ದೂ ಎಣಿಸಿದೆ.

ರೊಪ್ಪದಲ್ಲಿ ಒಂದು ದೇವರೆತ್ತು ನರಳಿತು.
ಕಿಲಾರಿ ಪಾಲಯ್ಯ ಎದ್ದೇಬಿಟ್ಟ:
"ಬೆಳಿಗ್ಗೆಯಿಂದ ಮೆಲುಕು ಹಾಕಿಲ್ಲ ಅದು.
ಕಿವಿ ತಣ್ಣಗೈತೆ. ಸಗಣಿ ಕಪ್ಪು.
ಎಡಕ್ಕೆ ಮಲಗಲ್ಲ, ನೋವು ಅಲ್ಲೈತೆ."

ಬೋಸಯ್ಯ ಅವನನ್ನೇ ನೋಡಿದ, ಸ್ವಲ್ಪ ಹೊತ್ತು.
"ಸರಿ ಬಿಡ್ರಿ, ನಿಮ್ಮ ಸುದ್ದಿ ಬ್ಯಾಡ.
ನಿಮಗೆ ಗೊತ್ತಿರೋ ಎತ್ತುಗಳ ಸುದ್ದಿ ಹೇಳ್ರಿ."

ಒಂದು ಬೀಡಿ ಮುಗಿಯುವಷ್ಟು ಹೊತ್ತು ಯಾರೂ ಇಲ್ಲ.
ಆಮೇಲೆ ಓಬಳಯ್ಯ, ನೆಲ ನೋಡುತ್ತ:
"ನನಗೆ ಗೊತ್ತಿರೋ ಒಂದು ಎತ್ತೈತೆ.
ರಾತ್ರಿ ನಾಕು ಸಾರಿ ಏಳತೈತೆ ಉಚ್ಚೆಗೆ.
ನಿಂತರೆ ಬರಲ್ಲ. ಬಂದರೆ ನಿಲ್ಲಲ್ಲ."
"ಎಷ್ಟು ಹಲ್ಲು?"
"ಬಾಯಿಗೂಡಿ ಮೂವತ್ತು ವರ್ಷ ಆತು ಕಣಪ್ಪ!"

ನಗು ಬಂತು. ನಗುವಿನ ಹಿಂದೆಯೇ
ಇನ್ನೊಂದು ಎತ್ತು ಬಂತು, ಕಾಲು ಜೋಮು ಹಿಡಿದದ್ದು:
"ಮುಳ್ಳು ನೆಟ್ಟರೂ ತಿಳಿಯಲ್ಲ ಅದಕ್ಕೆ,
ಚಪ್ಪಲಿಯೊಳಗೆ ರಕ್ತ ಕಂಡಮೇಲೇ..."
"ಎತ್ತಿಗೆ ಯಾವಾಗ ಬಂತಲೋ ಚಪ್ಪಲಿ!"
ಕಣ್ಣಲ್ಲಿ ನೀರು ಬರುವಂತೆ ನಕ್ಕೆವು.

ಕೇತಯ್ಯನ ಹೋರಿಗೆ ಮಾತ್ರ ಯಾರೂ ನಗಲಿಲ್ಲ.
"ಆರು ವರ್ಷ ಆತು, ಕರು ಇಲ್ಲ.
ಹಸೂನ ಮೂರು ಸಾರಿ ದಾವಣಗೆರೆಗೆ ಕರಕೊಂಡು ಹೋಗ್ಯಾರೆ.
ಹೋರೀನ ಇನ್ನೂ ಯಾರೂ ನೋಡಿಲ್ಲ."

ನನ್ನ ಸರದಿಗೆ ನಾನು
ನನ್ನ ಎತ್ತು ಚೆನ್ನಾಗೈತೆ ಅಂದೆ.

ಕೊನೆಗೆ ಗಾದ್ರಯ್ಯ, ಮೀಸೆ ಈಗಷ್ಟೇ ದಟ್ಟವಾದ ಹುಡುಗ,
ಕಂಬಳಿಯ ಎಳೆ ಕೀಳುತ್ತ:
"ಒಂದು ಕರು ಐತೆ. ಮೊನ್ನೆ ರಾತ್ರಿ
ತನ್ನ ಹಗ್ಗ ತಾನೇ ಕಚ್ಚಿಕೊಂಡು
ಹಳ್ಳದ ಹುಣಸೆಮರದ ತಂಕ ಹೋಗಿತ್ತು.
ವಾಪಸ್ ಬಂತು.
ಯಾಕೆ ಹೋತು, ಯಾಕೆ ಬಂತು, ಅದಕ್ಕೂ ಗೊತ್ತಿಲ್ಲ."

ಮೊನ್ನೆ ರಾತ್ರಿ ಹಳ್ಳದಲ್ಲಿ ಟಾರ್ಚು ಕಂಡಿತ್ತು ನನಗೆ.
ಗುಡ್ಡದ ಮೇಲಿಂದ ಎಲ್ಲವೂ ಕಾಣುತ್ತದೆ.
ಮೊಲಕ್ಕೆ ಹೊರಟ ಯಾರೋ ಅಂದುಕೊಂಡು
ಗಾಳಿ ಜೋರೆಂದು ಕಾವಲುಮನೆಯ ಬಾಗಿಲು ಹಾಕಿದ್ದೆ.

ಬೋಸಯ್ಯ ಬಾಯಿ ತೆರೆದ, ಪಾಲಯ್ಯ ಕೈ ಎತ್ತಿ ತಡೆದ.
"ಹಿಂಡು ಬಿಟ್ಟು ನಿಂತದ್ದನ್ನ ನಾವು ಬೈಯಲ್ಲ, ಹೊಡೆಯಲ್ಲ.
ಇನ್ನೊಂದು ಎತ್ತು ತಂದು ಪಕ್ಕಕ್ಕೆ ನಿಲ್ಲಿಸ್ತೀವಿ."
ಎದ್ದು ಬಂದು
ಹುಡುಗನ ಭುಜಕ್ಕೆ ಭುಜ ತಾಗುವ ಹಾಗೆ ಕೂತ,
ಮುಂದಿನ ಮಾತು ಮರೆತವನ ಹಾಗೆ.
"ಆಸ್ಪತ್ರೆಗೂ ಹೋಗಣ," ಆಮೇಲೆ ಅಂದ,
"ನಾನೂ ಬತ್ತೀನಿ. ನಂದೂ ಒಂದು ಎತ್ತೈತೆ,
ಕೆಂಪಗೆ ಉಚ್ಚೆ ಹೊಯ್ಯೋದು."

ಗುರುವಾರದ ಬಸ್ಸಿಗೆ ಹೆಸರು ಬರೆದುಕೊಂಡ ಬೋಸಯ್ಯ.
"ಓಬಳಯ್ಯ ಅಂತಲೇ ಬರಿಯೋ, ಎತ್ತು ಅಂತ ಬರೆದರೆ
ದನದ ಆಸ್ಪತ್ರೆಗೆ ಹಾಕ್ತಾರೆ."
ನನ್ನ ತೋಳಿಗೆ ಪಟ್ಟಿ ಬಿಗಿದು ಗಾಳಿ ಒತ್ತಿದ.
ನೂರ ಎಪ್ಪತ್ತು ತೋರಿಸಿತು.
"ಚೆನ್ನಾಗಿರೋ ಎತ್ತು," ಅಂದ ಮೆಲ್ಲಗೆ,
ನನ್ನ ಹೆಸರೂ ಬರೆದ.

ಪಾಲಯ್ಯ ಚಪ್ಪಲಿ ಹೊರಗೆ ಬಿಟ್ಟು ರೊಪ್ಪದೊಳಕ್ಕೆ ಹೋದ,
ಹುಡುಗನ ಕೈಯಲ್ಲಿ ನೀರಿನ ಬಕೀಟು.

ಪಾಳಿಗೆ ಹತ್ತಿದ ಮೇಲೆ ನೆನಪಾಯಿತು
ಎತ್ತು ಮೆಲುಕು ಹಾಕಿತೋ ಇಲ್ಲವೋ ಕೇಳಲಿಲ್ಲ.
ಹನ್ನೆರಡು ದಾಟಿತ್ತು. ಪಾಲಯ್ಯನಿಗೆ ಫೋನು ಮಾಡಿದೆ.
ಎತ್ತಿದವನು ಗಾದ್ರಯ್ಯ.
"ಇನ್ನೂ ಇಲ್ಲ ಚಿಕ್ಕಪ್ಪಾ. ಪಾಲಣ್ಣ ಮಲಗ್ಯಾನೆ.
ನಾನು ಎಚ್ಚರ ಇದೀನಿ."

ಬಾಗಿಲು ತೆರೆದೇ ಇತ್ತು, ಗಾಳಿ ಒಳಗೆಲ್ಲ.
ನಾನೂ, ಅಂದೆ.